ಹಳೆಯ ಜೀಪಿನ ಬ್ರೇಕ್ ಆಯಿಲ್: ಆಯ್ಕೆ ಮತ್ತು ಆರೈಕೆ

ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಳೆಯ ಜೀಪುಗಳು ಇಂದಿಗೂ ಒಕ್ಕಲುತನದ ಕೆಲಸಕ್ಕೆ ದುಡಿಯುತ್ತಿವೆ. ಮಳೆ ಬಿದ್ದ ಎರೆ ದಾರಿಯಲ್ಲಿ ಬೇರೆ ವಾಹನಗಳು ಹೂತು ನಿಂತಾಗ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ದೊರೆಯುವ ಜೀಪು ಹೊಲ ಮುಟ್ಟುತ್ತದೆ. ಬೀಜ, ಗೊಬ್ಬರ, ಈರುಳ್ಳಿ ಚೀಲಗಳಷ್ಟೇ ಅಲ್ಲ, ಕಳೆ ತೆಗೆಯಲು, ಕಡಲೆ ಕೀಳಲು ಹೋಗುವ ಕೂಲಿಯವರೂ ಅದರಲ್ಲಿಯೇ ಹೋಗಿಬರುತ್ತಾರೆ. ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಲು ಮನೆಮಂದಿಯೆಲ್ಲ ಏರುವುದೂ ಅದನ್ನೇ.

ಇಂತಹ ವಾಹನದ ಎಂಜಿನ್ ಆಯಿಲನ್ನು ಲೆಕ್ಕವಿಟ್ಟು ಬದಲಾಯಿಸುವ ರೈತರು ಬ್ರೇಕ್ ಆಯಿಲಿನ ಕಡೆಗೆ ಗಮನ ಕೊಡುವುದು ಕಡಿಮೆ. ಕಡಿಮೆಯಾದಾಗ ಸ್ವಲ್ಪ ಸುರಿದರೆ ಆಯಿತು ಎಂಬುದು ರೂಢಿ. ಆದರೆ ಎಂಜಿನ್ ಕೆಟ್ಟರೆ ವಾಹನ ನಿಲ್ಲುತ್ತದೆ. ಬ್ರೇಕ್ ಕೆಟ್ಟರೆ ವಾಹನ ನಿಲ್ಲುವುದಿಲ್ಲ. ಆದುದರಿಂದ ಈ ದ್ರವವನ್ನು ಆರಿಸುವುದು, ಕಾಯ್ದುಕೊಳ್ಳುವುದು ಹಾಗೂ ಬದಲಾಯಿಸುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ. ಮುಖ್ಯವಾಗಿ ಎರಡು ಸಂಗತಿಗಳನ್ನು ನೆನಪಿಡಬೇಕು. ಮೊದಲನೆಯದು, ಬ್ರೇಕ್ ಆಯಿಲ್ ಹೆಸರಿಗೆ ಮಾತ್ರ ಎಣ್ಣೆ. ಎರಡನೆಯದು, ಅದು ಇದ್ದಲ್ಲಿಯೇ ನೀರು ಕುಡಿದು ಹಾಳಾಗುತ್ತದೆ.

ಬ್ರೇಕಿನಲ್ಲಿ ಈ ದ್ರವದ ಕೆಲಸ

ನೀವು ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನೊಳಗಿನ ಪಿಸ್ಟನ್ ದ್ರವವನ್ನು ಒತ್ತುತ್ತದೆ. ದ್ರವವನ್ನು ಒತ್ತಿ ಕುಗ್ಗಿಸುವುದು ಸಾಧ್ಯವಿಲ್ಲದ ಕಾರಣ ಆ ಒತ್ತಡ ಕೊಳವೆಗಳ ಮೂಲಕ ನಾಲ್ಕೂ ಚಕ್ರಗಳ ಸಿಲಿಂಡರುಗಳಿಗೆ ತಲುಪುತ್ತದೆ. ಅಲ್ಲಿನ ಪಿಸ್ಟನ್‌ಗಳು ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತವೆ. ದ್ರವ ಸೋರದಂತೆ ಪಿಸ್ಟನ್ನಿನ ಮುಂದೆ ರಬ್ಬರಿನ ಕಪ್ಪುಗಳಿರುತ್ತವೆ.

ವಾಹನ ನಿಲ್ಲುವಾಗ ಅದರ ಓಟದ ಶಕ್ತಿಯೆಲ್ಲ ಡ್ರಮ್ ಮತ್ತು ಲೈನಿಂಗಿನಲ್ಲಿ ಶಾಖವಾಗಿ ಮಾರ್ಪಡುತ್ತದೆ. ಎಷ್ಟು ಶಾಖವೆಂಬುದಕ್ಕೆ ಒಂದು ಲೆಕ್ಕ ನೋಡೋಣ. ಹೇರು ಸಹಿತ 2,000 ಕಿಲೋ ತೂಗುವ ಜೀಪನ್ನು 100 ಮೀಟರ್ ಎತ್ತರದಿಂದ ಕೇವಲ ಬ್ರೇಕಿನ ಮೇಲೆ ಇಳಿಸಿದರೆ ಸುಮಾರು 20 ಲಕ್ಷ ಜೂಲ್ ಶಾಖ ಹುಟ್ಟುತ್ತದೆ. ಇದು 6 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಈ ಶಾಖದ ಒಂದು ಪಾಲು ಶೂಗಳ ಮೂಲಕ ಚಕ್ರದ ಸಿಲಿಂಡರಿಗೂ, ಅದರೊಳಗಿನ ದ್ರವಕ್ಕೂ ತಲುಪುತ್ತದೆ.

ಆಗ ದ್ರವ ಕುದಿದರೆ ಅದರಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವ ಕುಗ್ಗುವುದಿಲ್ಲ, ಆದರೆ ಆವಿ ಕುಗ್ಗುತ್ತದೆ. ನೀವು ಎಷ್ಟು ತುಳಿದರೂ ಆವಿ ಕುಗ್ಗುತ್ತದೆಯೇ ಹೊರತು ಶೂಗಳಿಗೆ ಒತ್ತಡ ತಲುಪುವುದಿಲ್ಲ. ಪೆಡಲ್ ನೆಲ ಮುಟ್ಟುತ್ತದೆ, ವಾಹನ ಓಡುತ್ತಲೇ ಇರುತ್ತದೆ. ನಿಂತು ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿ, ಬ್ರೇಕ್ ಸರಿಯಿದ್ದಂತೆಯೇ ಕಾಣುತ್ತದೆ. ಹೀಗಾಗಿ "ಗ್ಯಾರೇಜಿನಲ್ಲಿ ನೋಡಿದರೆ ಏನೂ ದೋಷವಿರಲಿಲ್ಲ" ಎಂಬ ಮಾತು ಬರುತ್ತದೆ.

ನೀರು ಕುಡಿಯುವ ದ್ರವ

ಯೂರಿಯಾ ಚೀಲದ ಬಾಯಿ ಬಿಚ್ಚಿಟ್ಟರೆ ಮಳೆಗಾಲದಲ್ಲಿ ಏನಾಗುತ್ತದೆಂಬುದು ನಿಮಗೆ ತಿಳಿದೇ ಇದೆ. ಗಾಳಿಯ ತೇವವನ್ನು ಎಳೆದುಕೊಂಡು ಅದು ಹೆಂಟೆ ಕಟ್ಟುತ್ತದೆ. ಬ್ರೇಕ್ ಆಯಿಲಿನ ಗುಣವೂ ಅದೇ. ಇಂದು ಮಾರುವ ಸಾಮಾನ್ಯ ಬ್ರೇಕ್ ಆಯಿಲನ್ನು ಗ್ಲೈಕಾಲ್ ಜಾತಿಯ ರಾಸಾಯನಿಕಗಳಿಂದ ತಯಾರಿಸುತ್ತಾರೆ. ಇವು ನೀರಿನೊಡನೆ ಬೆರೆಯುವಂತಹವು, ತೇವವನ್ನು ಸೆಳೆಯುವಂತಹವು. ಡಬ್ಬಿಯ ಮುಚ್ಚಳದ ಗಾಳಿರಂಧ್ರದಿಂದ, ಚಕ್ರಗಳ ಬಳಿಯ ರಬ್ಬರ್ ಹೋಸುಗಳ ಗೋಡೆಯಿಂದಲೂ ತೇವ ನಿಧಾನವಾಗಿ ಒಳಸೇರುತ್ತದೆ. ಯೂರಿಯಾ ಹೆಂಟೆಯಾದುದು ಕಣ್ಣಿಗೆ ಕಾಣುತ್ತದೆ. ಬ್ರೇಕ್ ಆಯಿಲ್ ನೀರು ಕುಡಿದುದು ಕಾಣುವುದಿಲ್ಲ.

ನಮ್ಮದು ಒಣ ವಲಯ, ಇಲ್ಲಿ ತೇವವೆಲ್ಲಿ ಎಂದು ಕೇಳಬಹುದು. ಮಳೆಯ ಮೊತ್ತ ಕಡಿಮೆಯಾದರೂ ಅದರ ದೊಡ್ಡ ಪಾಲು ಸೆಪ್ಟೆಂಬರ್ ಆಸುಪಾಸಿನಲ್ಲಿ ಒಮ್ಮೆಲೆ ಬೀಳುತ್ತದೆ. ಆಗ ವಾಹನ ವಾರಗಟ್ಟಲೆ ಕೆಸರು, ನೀರುಗಳಲ್ಲಿಯೇ ಓಡಾಡುತ್ತದೆ. ಬೆಣ್ಣೆಹಳ್ಳ ಹಾಗೂ ಮಲಪ್ರಭೆಯ ದಂಡೆಯ ಊರುಗಳಲ್ಲಿ ಹಳ್ಳ ದಾಟುವುದು ತಪ್ಪದು. 2019ರ ಆಗಸ್ಟಿನಂತಹ ಪ್ರವಾಹದಲ್ಲಿ ವಾಹನವೇ ನೀರಿನಲ್ಲಿ ನಿಂತರೆ, ಮುಚ್ಚಳದ ರಂಧ್ರದಿಂದ ನೀರು ನೇರವಾಗಿಯೇ ಒಳಹೊಕ್ಕೀತು. ಅಂತಹ ವಾಹನದ ಬ್ರೇಕ್ ಆಯಿಲನ್ನು ಅವಧಿ ನೋಡದೆ ಕೂಡಲೇ ಬದಲಾಯಿಸತಕ್ಕದ್ದು.

ನೀರು ಸೇರುವುದರಿಂದ ಎರಡು ಬಗೆಯ ಹಾನಿಯುಂಟು. ಒಂದು, ದ್ರವ ಕುದಿಯುವ ಉಷ್ಣತೆ ಇಳಿಯುತ್ತದೆ. ಇನ್ನೊಂದು, ಉಕ್ಕಿನ ಕೊಳವೆ ಮತ್ತು ಬೀಡಿನ ಸಿಲಿಂಡರುಗಳ ಒಳಮೈ ತುಕ್ಕು ಹಿಡಿಯುತ್ತದೆ. ತುಕ್ಕಿನ ಕುಳಿಗಳ ಮೇಲೆ ಆಡಿದ ರಬ್ಬರ್ ಕಪ್ಪು ಹರಿದು ಸೋರತೊಡಗುತ್ತದೆ. ವರ್ಷದಲ್ಲಿ ಬಹಳ ತಿಂಗಳು ನಿಂತಲ್ಲಿಯೇ ನಿಲ್ಲುವ ಜೀಪಿನಲ್ಲಿ ಈ ಎರಡನೆಯ ಹಾನಿ ಹೆಚ್ಚು.

ಯಾವುದನ್ನು ಆರಿಸಬೇಕು?

ಡಬ್ಬಿಯ ಮೇಲೆ "ಡಾಟ್" ಎಂಬ ಇಂಗ್ಲಿಷ್ ಅಕ್ಷರಗಳೂ ಅದರ ಮುಂದೆ ಒಂದು ಅಂಕಿಯೂ ಇರುತ್ತವೆ. ಇದು ಅಮೆರಿಕದ ಸಾರಿಗೆ ಇಲಾಖೆ ಗೊತ್ತುಪಡಿಸಿದ ದರ್ಜೆ. ನಮ್ಮ ದೇಶದಲ್ಲಿಯೂ ಇದೇ ಬಳಕೆಯಲ್ಲಿದೆ. ಪ್ರತಿ ದರ್ಜೆಗೂ ಎರಡು ಕನಿಷ್ಠ ಕುದಿಬಿಂದುಗಳನ್ನು ನಿಗದಿಪಡಿಸಲಾಗಿದೆ. ಒಂದು ಹೊಸ ದ್ರವದ್ದು, ಇನ್ನೊಂದು ಶೇ. 3.7ರಷ್ಟು ನೀರು ಬೆರೆತ ದ್ರವದ್ದು.

ಡಾಟ್ 3: ಹೊಸದು 205 ಡಿಗ್ರಿ ಸೆ., ನೀರು ಬೆರೆತಾಗ 140 ಡಿಗ್ರಿ.
ಡಾಟ್ 4: ಹೊಸದು 230 ಡಿಗ್ರಿ ಸೆ., ನೀರು ಬೆರೆತಾಗ 155 ಡಿಗ್ರಿ.
ಡಾಟ್ 5 ಮತ್ತು ಡಾಟ್ 5.1: ಹೊಸದು 260 ಡಿಗ್ರಿ ಸೆ., ನೀರು ಬೆರೆತಾಗ 180 ಡಿಗ್ರಿ.

ಶೇ. 3.7 ಎಂದರೆ ಒಂದು ಲೀಟರಿನಲ್ಲಿ 37 ಮಿಲಿಲೀಟರ್, ಅಂದರೆ ಚಹಾ ಚಮಚದಲ್ಲಿ ಏಳೆಂಟು ಚಮಚ ನೀರು. ಇಷ್ಟಕ್ಕೇ ಡಾಟ್ 3ರ ಕುದಿಬಿಂದು 65 ಡಿಗ್ರಿ ಇಳಿಯುತ್ತದೆ. ಹಲವು ವರ್ಷ ಬದಲಾಯಿಸದ ಡಾಟ್ 4 ದ್ರವವು ನಿನ್ನೆ ತುಂಬಿದ ಡಾಟ್ 3 ದ್ರವಕ್ಕಿಂತ ಕೀಳು ಎಂಬುದು ಈ ಅಂಕಿಗಳಿಂದ ಸ್ಪಷ್ಟವಾಗುತ್ತದೆ. ದರ್ಜೆಗಿಂತಲೂ ಹೊಸತನ ಮುಖ್ಯ.

ಹಳೆಯ ಜೀಪುಗಳಿಗೆ ತಯಾರಕರು ಸಾಮಾನ್ಯವಾಗಿ ಡಾಟ್ 3 ಅಥವಾ ಡಾಟ್ 4 ಸೂಚಿಸಿರುತ್ತಾರೆ. ಮುಚ್ಚಳದ ಮೇಲೆ ಅಥವಾ ವಾಹನದ ಕೈಪಿಡಿಯಲ್ಲಿ ಇದನ್ನು ನೋಡಿಕೊಳ್ಳಿ. ಡಾಟ್ 3 ಹೇಳಿರುವಲ್ಲಿ ಡಾಟ್ 4 ಹಾಕಬಹುದು. ಎರಡೂ ಒಂದೇ ಜಾತಿಯವಾದುದರಿಂದ ಬೆರೆತರೂ ಅಪಾಯವಿಲ್ಲ. ಗಜೇಂದ್ರಗಡದ ಗುಡ್ಡ ಹತ್ತಿಳಿಯುವವರಿಗೂ, ಹೇರು ಒಯ್ಯುವವರಿಗೂ ಡಾಟ್ 4 ಲೇಸು. ನರಗುಂದ, ರೋಣದ ಬಯಲಿನಲ್ಲಿಯೇ ಓಡಾಡುವ ವಾಹನಕ್ಕೆ ಹೊಸ ಡಾಟ್ 3 ಸಾಕಾಗುತ್ತದೆ. ಆದರೆ ಡಾಟ್ 4 ಹಾಕಿದ ಮಾತ್ರಕ್ಕೆ ಬದಲಾಯಿಸುವ ಅವಧಿಯನ್ನು ಮುಂದೂಡಬಾರದು.

ಡಾಟ್ 5 ಬೇರೆಯೇ ಜಾತಿ. ಇದು ಸಿಲಿಕೋನ್ ದ್ರವ, ನೇರಳೆ ಬಣ್ಣದ್ದು. ಇದು ನೀರು ಕುಡಿಯುವುದಿಲ್ಲ ನಿಜ, ಆದರೆ ಒಳಬಂದ ನೀರು ತಗ್ಗಿನಲ್ಲಿ ಹಾಗೆಯೇ ನಿಂತು ಅಲ್ಲಿ ತುಕ್ಕು ಹಿಡಿಸುತ್ತದೆ. ಇದನ್ನು ಡಾಟ್ 3 ಅಥವಾ ಡಾಟ್ 4ರೊಡನೆ ಎಂದೂ ಬೆರೆಸಕೂಡದು. ನಮ್ಮ ಹಳ್ಳಿಯ ಜೀಪುಗಳಿಗೆ ಇದರ ಅವಶ್ಯಕತೆಯಿಲ್ಲ. ಡಾಟ್ 5.1 ಹೆಸರಿನಲ್ಲಿ ಇದನ್ನು ಹೋಲಿದರೂ ಗ್ಲೈಕಾಲ್ ಜಾತಿಯದೇ. ಹಾಕಿದರೆ ಕೇಡಿಲ್ಲ, ಆದರೆ ಹೆಚ್ಚಿನ ಹಣ ತೆರುವ ಕಾರಣವೂ ಇಲ್ಲ.

ಕೊಳ್ಳುವಾಗ ಕಂಪನಿಯ ಮುದ್ರೆ ಒಡೆಯದ ಡಬ್ಬಿಯನ್ನೇ ಕೇಳಿ. ಅಂಗಡಿಯವರು ದೊಡ್ಡ ಡಬ್ಬಿಯಿಂದ ಬಾಟಲಿಗೆ ಸುರಿದು ಕೊಡುವ ಬಿಡಿ ಆಯಿಲ್ ಬೇಡ. ಅದರ ಬಾಯಿ ಎಂದು ತೆರೆದರೋ ತಿಳಿಯದು. ನಿಮಗೆ ಬೇಕಾದಷ್ಟೇ ಅಳತೆಯ ಸಣ್ಣ ಡಬ್ಬಿ ಕೊಳ್ಳಿ. ಅರ್ಧ ಉಳಿದುದನ್ನು ಮುಂದಿನ ವರ್ಷಕ್ಕೆ ಎತ್ತಿಡುವುದು ಉಳಿತಾಯವಲ್ಲ.

ಎಣ್ಣೆ ಬೆರೆತರೆ ಆಗುವ ಅನಾಹುತ

ಹಿಂದೆ ಬ್ರೇಕಿನ ದ್ರವವನ್ನು ಔಡಲೆಣ್ಣೆಗೆ ಮದ್ಯಸಾರ ಬೆರೆಸಿ ತಯಾರಿಸುತ್ತಿದ್ದರು. ಆಗ ಅದನ್ನು ಎಣ್ಣೆಯೆಂದು ಕರೆದರೆ ತಪ್ಪಿರಲಿಲ್ಲ. ಔಡಲೆಣ್ಣೆ ರಬ್ಬರನ್ನು ಕೆಡಿಸುವುದಿಲ್ಲ. ಇಂದಿನ ದ್ರವದಲ್ಲಿ ಎಣ್ಣೆಯಿಲ್ಲದಿದ್ದರೂ ಹೆಸರು ಉಳಿದಿದೆ, ಮತ್ತು ಆ ಹೆಸರೇ ತೊಂದರೆಗೆ ಕಾರಣವಾಗಿದೆ. ಹೊಲದಲ್ಲಿ ಬ್ರೇಕ್ ಆಯಿಲ್ ಕಡಿಮೆಯಾದಾಗ ಕೈಗೆ ಸಿಕ್ಕ ಎಂಜಿನ್ ಆಯಿಲ್, ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲ್ ಅಥವಾ ಗೇರ್ ಆಯಿಲ್ ಸುರಿಯುವವರುಂಟು. ಇವೆಲ್ಲ ಭೂಮಿಯಿಂದ ತೆಗೆದ ಖನಿಜ ತೈಲಗಳು. ಬ್ರೇಕಿನ ರಬ್ಬರ್ ಕಪ್ಪುಗಳು ಇವನ್ನು ಹೀರಿ ಉಬ್ಬುತ್ತವೆ, ಮೆತ್ತಗಾಗುತ್ತವೆ. ಮೊದಲು ಬ್ರೇಕ್ ಬಿಡದೆ ಚಕ್ರ ಕಾಯುತ್ತದೆ, ಬಳಿಕ ಕಪ್ಪು ಹರಿದು ಬ್ರೇಕ್ ಪೂರ್ತಿ ತಪ್ಪುತ್ತದೆ. ಒಂದೆರಡು ಚಮಚ ಎಣ್ಣೆಯೂ ಈ ಕೇಡಿಗೆ ಸಾಕು.

ಸಿಲಿಂಡರ್ ಬಿಚ್ಚಿದಾಗ ಅದರ ಭಾಗಗಳನ್ನು ಡೀಸೆಲ್, ಪೆಟ್ರೋಲ್ ಅಥವಾ ಸೀಮೆಎಣ್ಣೆಯಲ್ಲಿ ತೊಳೆಯುವ ರೂಢಿಯೂ ಇಷ್ಟೇ ಅಪಾಯಕಾರಿ. ತೊಳೆಯಲು ಹೊಸ ಬ್ರೇಕ್ ಆಯಿಲನ್ನು ಮಾತ್ರ ಬಳಸತಕ್ಕದ್ದು.

ಎಣ್ಣೆ ಬೆರೆತಿದೆಯೆಂಬ ಸಂಶಯವಿದ್ದರೆ ಮನೆಯಲ್ಲಿಯೇ ಪರೀಕ್ಷಿಸಬಹುದು. ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಮಾಸ್ಟರ್ ಸಿಲಿಂಡರಿನ ದ್ರವದ ಐದಾರು ಹನಿ ಹಾಕಿ ಕದಡಿ. ಗ್ಲೈಕಾಲ್ ಜಾತಿಯ ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ. ಎಣ್ಣೆಯಿದ್ದರೆ ಮೇಲೆ ಪೊರೆಯಾಗಿ ತೇಲುತ್ತದೆ. ತೇಲಿದರೆ ಕೇವಲ ದ್ರವ ಬದಲಾಯಿಸಿದರೆ ಸಾಲದು. ಮಾಸ್ಟರ್ ಸಿಲಿಂಡರ್ ಮತ್ತು ಚಕ್ರದ ಸಿಲಿಂಡರುಗಳ ಎಲ್ಲ ರಬ್ಬರ್ ಕಪ್ಪುಗಳನ್ನೂ, ರಬ್ಬರ್ ಹೋಸುಗಳನ್ನೂ ಹೊಸದಾಗಿ ಹಾಕಿಸಿ ಕೊಳವೆಗಳನ್ನು ಸ್ವಚ್ಛಗೊಳಿಸಬೇಕು. ಪರೀಕ್ಷೆಯಾದ ಮೇಲೆ ಲೋಟವನ್ನು ಅಡುಗೆಮನೆಗೆ ಮರಳಿಸಬೇಡಿ.

ನಿತ್ಯದ ಆರೈಕೆ

ಬಹಳ ಹಳೆಯ ಜೀಪುಗಳಲ್ಲಿ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿ, ನೆಲದ ತಗಡಿನ ಕೆಳಗಿರುತ್ತದೆ. ಕೆಸರು, ನೀರು ಎರಡೂ ಅದಕ್ಕೆ ಸಮೀಪ. ಮುಚ್ಚಳ ತೆಗೆಯುವ ಮುನ್ನ ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ತೆಗೆದು, ಬಟ್ಟೆಯಿಂದ ಒರೆಸಿ. ಒಂದು ಚಿಟಿಕೆ ಎರೆಮಣ್ಣು ಒಳಬಿದ್ದರೂ ಒಳಗಿನ ಸೂಕ್ಷ್ಮ ರಂಧ್ರ ಕಟ್ಟಿ ಬ್ರೇಕ್ ಬಿಡದಂತಾಗಬಹುದು. ನಂತರದ ವಾಹನಗಳಲ್ಲಿ ಇದು ಬಾನೆಟ್ಟಿನ ಕೆಳಗಿದ್ದು ನೋಡಲು ಸುಲಭ.

ಹದಿನೈದು ದಿನಗಳಿಗೊಮ್ಮೆ ದ್ರವದ ಮಟ್ಟ ನೋಡಿ. ಎಂಜಿನ್ ಆಯಿಲಿನಂತೆ ಬ್ರೇಕ್ ಆಯಿಲ್ ಉರಿದು ಖರ್ಚಾಗುವುದಿಲ್ಲ. ಲೈನಿಂಗ್ ಸವೆದಂತೆ ಮಟ್ಟ ಅಷ್ಟಿಷ್ಟು ಇಳಿಯಬಹುದು. ಪದೇ ಪದೇ ಇಳಿಯುತ್ತಿದ್ದರೆ ಎಲ್ಲಿಯೋ ಸೋರುತ್ತಿದೆ ಎಂದೇ ಅರ್ಥ. ಅಂತಹಾಗ ಮೇಲೆ ಸುರಿಯುತ್ತ ಹೋಗದೆ ಸೋರಿಕೆ ಹುಡುಕಬೇಕು. ಚಕ್ರಗಳ ಒಳಬದಿ, ಹೋಸಿನ ಎರಡೂ ತುದಿ, ಪೆಡಲಿನ ಬಳಿ ಒದ್ದೆಯಿದೆಯೇ ನೋಡಿ. ಹೋಸನ್ನು ಬಾಗಿಸಿದಾಗ ಬಿರುಕು ಕಂಡರೆ ಬದಲಾಯಿಸಿ. ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಕೊಳವೆಯ ಜಾಲವಿರುವುದರಿಂದ, ಒಂದು ಕಡೆ ಒಡೆದರೆ ನಾಲ್ಕೂ ಬ್ರೇಕುಗಳು ಒಮ್ಮೆಗೇ ತಪ್ಪುತ್ತವೆ.

ಪೆಡಲಿನ ನಡತೆಯಿಂದ ದೋಷವನ್ನು ಹೀಗೆ ಗುರುತಿಸಬಹುದು:

1. ಪೆಡಲ್ ಯಾವಾಗಲೂ ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ.
2. ದೀರ್ಘ ಇಳಿಜಾರಿನ ನಂತರ ಮಾತ್ರ ಮೆತ್ತಗಾಗಿ, ತಣ್ಣಗಾದ ಮೇಲೆ ಸರಿಯಾದರೆ ದ್ರವ ನೀರು ಕುಡಿದು ಕುದಿಯುತ್ತಿದೆ.
3. ತುಳಿದು ಹಿಡಿದಾಗ ಪೆಡಲ್ ನಿಧಾನವಾಗಿ ಕೆಳಗಿಳಿದರೆ ಎಲ್ಲಿಯೋ ಸೋರುತ್ತಿದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನ ಕಪ್ಪು ಹೋಗಿದೆ.
4. ಎರಡನೆಯ ತುಳಿತಕ್ಕೆ ಮೇಲೆ ಬಂದು ಗಟ್ಟಿಯಾದರೆ ಶೂಗಳು ಡ್ರಮ್ಮಿನಿಂದ ದೂರವಾಗಿವೆ, ಅವನ್ನು ಹೊಂದಿಸಬೇಕು.
5. ಪೆಡಲ್ ಗಟ್ಟಿಯಿದ್ದರೂ ಹಳ್ಳ ದಾಟಿದ ಕೂಡಲೇ ಬ್ರೇಕ್ ಹಿಡಿಯದಿದ್ದರೆ ಲೈನಿಂಗ್ ನೆನೆದಿದೆ. ಇದು ದ್ರವದ ದೋಷವಲ್ಲ. ನಿಧಾನವಾಗಿ ಓಡಿಸುತ್ತ ಪೆಡಲನ್ನು ಹಗುರವಾಗಿ ಒತ್ತಿದರೆ ಒಣಗುತ್ತದೆ.

ಬದಲಾಯಿಸುವ ಕಾಲ ಮತ್ತು ವಿಧಾನ

ಎರಡು ವರ್ಷಗಳಿಗೊಮ್ಮೆ ದ್ರವವನ್ನು ಪೂರ್ತಿಯಾಗಿ ಬದಲಾಯಿಸಬೇಕು. ವಾಹನ ಎಷ್ಟು ಕಿಲೋಮೀಟರ್ ಓಡಿದೆ ಎಂಬುದು ಇಲ್ಲಿ ಮುಖ್ಯವಲ್ಲ. ನಿಂತ ವಾಹನದ ದ್ರವವೂ ನೀರು ಕುಡಿಯುತ್ತದೆ. ನಮ್ಮ ಭಾಗಕ್ಕೆ ಹಿಂಗಾರಿ ಬಿತ್ತನೆ ಮುಗಿದು ಸುಗ್ಗಿ ಇನ್ನೂ ಬಾರದ ದೀಪಾವಳಿ ಹಾಗೂ ಎಳ್ಳ ಅಮಾವಾಸ್ಯೆಯ ನಡುವಿನ ದಿನಗಳು ಒಳ್ಳೆಯವು. ಗಾಳಿ ಒಣಗಿರುತ್ತದೆ, ನಿಮಗೂ ಬಿಡುವಿರುತ್ತದೆ, ಸುಗ್ಗಿಯ ಹೇರಿಗೆ ವಾಹನ ಸಿದ್ಧವಾಗುತ್ತದೆ. ಮಳೆ ಹನಿಯುವ ದಿನ ಈ ಕೆಲಸ ಬೇಡ.

ಒಂದು ಲೀಟರ್ ದ್ರವ, ಒಂದು ತೆಳು ಪಾರದರ್ಶಕ ನಳಿಕೆ, ಒಂದು ಗಾಜಿನ ಬಾಟಲಿ, ನಿಪ್ಪಲ್ಲಿಗೆ ಹೊಂದುವ ರಿಂಗ್ ಪಾನ ಹಾಗೂ ಇಬ್ಬರು ಆಳು ಬೇಕು. ನಿಪ್ಪಲ್ ತುಕ್ಕು ಹಿಡಿದಿದ್ದರೆ ಹಿಂದಿನ ದಿನವೇ ಹೊರಗಿನಿಂದ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಬಲವಂತ ಮಾಡಿದರೆ ಮುರಿಯುತ್ತದೆ.

1. ಸಮನೆಲದಲ್ಲಿ ವಾಹನ ನಿಲ್ಲಿಸಿ ಚಕ್ರಗಳಿಗೆ ಕಲ್ಲು ಕೊಡಿ.
2. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸಿ. ಬಲಗಡೆ ಸ್ಟೇರಿಂಗ್ ಇರುವ ನಮ್ಮ ವಾಹನಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಈ ಕ್ರಮ. ಕೈಪಿಡಿಯಲ್ಲಿ ಬೇರೆ ಕ್ರಮವಿದ್ದರೆ ಅದನ್ನೇ ಅನುಸರಿಸಿ.
3. ನಿಪ್ಪಲ್ಲಿಗೆ ನಳಿಕೆ ತೊಡಿಸಿ. ಇನ್ನೊಂದು ತುದಿ ಬಾಟಲಿಯಲ್ಲಿನ ಸ್ವಲ್ಪ ಹೊಸ ದ್ರವದಲ್ಲಿ ಮುಳುಗಿರಲಿ.
4. ಒಬ್ಬರು ಪೆಡಲನ್ನು ನಿಧಾನವಾಗಿ ತುಳಿದು ಹಿಡಿಯಲಿ. ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ದ್ರವ ಹೊರಬಿಟ್ಟು, ಮತ್ತೆ ಬಿಗಿದ ಮೇಲೆಯೇ ಪೆಡಲ್ ಬಿಡಲು ಹೇಳಲಿ. ಮೊದಲೇ ಬಿಟ್ಟರೆ ಗಾಳಿ ಒಳಸೇರುತ್ತದೆ.
5. ಕಪ್ಪು ದ್ರವ ಹೋಗಿ ತಿಳಿಯಾದ ಹೊಸ ದ್ರವ ಗುಳ್ಳೆಯಿಲ್ಲದೆ ಬರುವವರೆಗೆ ಹೀಗೆಯೇ ಮಾಡಿ. ನಡುನಡುವೆ ಮಾಸ್ಟರ್ ಸಿಲಿಂಡರಿಗೆ ಹೊಸ ದ್ರವ ತುಂಬುತ್ತಿರಿ. ಅದು ಬರಿದಾದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕು.
6. ಕೊನೆಗೆ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ಅದು ಇಳಿಯಬಾರದು. ಬಳಿಕ ಬಯಲಿನಲ್ಲಿ ನಿಧಾನವಾಗಿ ಓಡಿಸಿ ನೋಡಿ, ಆಮೇಲೆ ರಸ್ತೆಗಿಳಿಯಿರಿ.

ಈ ಕೆಲಸ ಹಿಂದೆ ಮಾಡಿರದಿದ್ದರೆ ಮೊದಲ ಸಲ ನಂಬಿಕೆಯ ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿ, ಹತ್ತಿರ ನಿಂತು ನೋಡಿ ಕಲಿಯಿರಿ. ಹೊಸ ಡಬ್ಬಿಯನ್ನು ನಿಮ್ಮ ಕಣ್ಣೆದುರೇ ಒಡೆಯಲಿ.

ಹೊರತೆಗೆದ ದ್ರವವನ್ನು ಎಂದೂ ಮರಳಿ ಹಾಕಕೂಡದು. ಅದು ವಿಷ. ಹೊಲಕ್ಕೆ, ಬದುವಿಗೆ, ಬಾವಿಯ ಬಳಿ ಚೆಲ್ಲದೆ ಮುಚ್ಚಿದ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿನವರಿಗೆ ಕೊಡಿ. ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡುವುದಂತೂ ಕೂಡಲೇ ಬೇಡ, ಮನೆಯಲ್ಲಿ ಮಕ್ಕಳಿರುತ್ತಾರೆ. ವಾಹನದ ಬಣ್ಣದ ಮೇಲೆ ಬಿದ್ದರೆ ಬಣ್ಣ ಕಿತ್ತುಬರುತ್ತದೆ. ತಕ್ಷಣ ನೀರಿನಿಂದ ತೊಳೆಯಿರಿ.

ಇಳಿಜಾರಿನಲ್ಲಿ ಎಚ್ಚರ

ದ್ರವ ಎಷ್ಟೇ ಹೊಸದಾಗಿದ್ದರೂ ಅದಕ್ಕೆ ಶಾಖ ಕಡಿಮೆ ತಲುಪುವಂತೆ ಓಡಿಸುವುದು ಚಾಲಕನ ಕೈಯಲ್ಲಿದೆ. ಗುಡ್ಡವನ್ನು ಯಾವ ಗೇರಿನಲ್ಲಿ ಹತ್ತುವಿರೋ ಅದೇ ಗೇರಿನಲ್ಲಿ ಇಳಿಯಿರಿ. ಆಗ ಎಂಜಿನ್ನೇ ಓಟವನ್ನು ತಡೆಯುತ್ತದೆ. ಕಲ್ಲುಮಣ್ಣಿನ ಕಡಿದಾದ ದಾರಿಯಾದರೆ ನಾಲ್ಕು ಚಕ್ರದ ಲೋ ಗೇರ್ ಹಾಕಿಕೊಳ್ಳಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಅಥವಾ ಎಂಜಿನ್ ಬಂದ್ ಮಾಡಿ ಇಳಿಸುವುದು ಜೀವಕ್ಕೆ ಎರವು. ಬೂಸ್ಟರ್ ಇರುವ ವಾಹನದಲ್ಲಿ ಎಂಜಿನ್ ನಿಂತರೆ ಬ್ರೇಕಿಗೆ ಅದರ ನೆರವೂ ತಪ್ಪುತ್ತದೆ.

ಒಂದು ವೇಳೆ ಪೆಡಲ್ ನೆಲ ಮುಟ್ಟಿದರೆ, ಬಿಟ್ಟು ಬಿಟ್ಟು ಬೇಗ ಬೇಗ ತುಳಿಯಿರಿ. ಕೆಳ ಗೇರಿಗೆ ಬನ್ನಿ. ಕೈಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಅದು ತಂತಿ ಅಥವಾ ಸರಳಿನಿಂದ ನಡೆಯುವಂತಹದು, ಈ ದ್ರವವನ್ನು ನೆಚ್ಚಿಕೊಂಡಿಲ್ಲ. ಕಣಿವೆಯ ಕಡೆ ಬಿಟ್ಟು ಗುಡ್ಡದ ಮಗ್ಗುಲಿಗೆ ವಾಹನ ತಿರುಗಿಸಿ. ಆದುದರಿಂದ ಕೈಬ್ರೇಕನ್ನೂ ಸುಸ್ಥಿತಿಯಲ್ಲಿಡುವುದು ಅತ್ಯವಶ್ಯ. ಜೀಪು ಹಳೆಯದಾದಷ್ಟೂ ಅದನ್ನು ಮರೆಯುವುದು ಹೆಚ್ಚು.

ಒಂದು ಲೀಟರ್ ಬ್ರೇಕ್ ಆಯಿಲಿನ ಬೆಲೆ ಒಂದು ಎಕರೆ ಕಡಲೆಯ ಬಿತ್ತನೆ ಬೀಜದ ಬೆಲೆಗಿಂತ ಬಹಳ ಕಡಿಮೆ. ಅದೂ ಎರಡು ವರ್ಷಕ್ಕೊಮ್ಮೆ. ಬದಲಾಯಿಸಿದ ದಿನ, ಹಾಕಿದ ದರ್ಜೆ ಇವೆರಡನ್ನೂ ಒಂದು ತಗಡಿನ ಪಟ್ಟಿಯ ಮೇಲೆ ಬಣ್ಣದಿಂದ ಬರೆದು ಬಾನೆಟ್ಟಿನ ಒಳಗೆ ಕಟ್ಟಿಬಿಡಿ. ವಾಹನ ಯಾರ ಕೈಗೆ ಹೋದರೂ, ಯಾವ ಗ್ಯಾರೇಜಿಗೆ ಹೋದರೂ ಅದನ್ನು ನೋಡಿ ತಿಳಿಯಬಹುದು. ಮಹಾನವಮಿಯ ಖಂಡೇಪೂಜೆಗೆ ಜೀಪನ್ನು ತೊಳೆಯುವಾಗ ಆ ಪಟ್ಟಿಯನ್ನು ಒಮ್ಮೆ ಓದಿ, ಎರಡು ವರ್ಷ ತುಂಬಿದ್ದರೆ ದೀಪಾವಳಿಯ ಸಂತೆಯಲ್ಲಿ ಹೊಸ ಡಬ್ಬಿ ತನ್ನಿರಿ.